ಮೊದಲು ಎಂಜಿನ್, ಆಮೇಲೆ ನೀರು

ಹಳೆಯ ವಾಟರ್ ಸ್ಕೂಟರ್ ಕೊಂಡು ವಾರವಾಗಿತ್ತು. ಜುಗೂಳದ ಹತ್ತಿರ, ಕೃಷ್ಣಾ ನದಿಯ ನಡುವೆ, ಅದರ ಎಂಜಿನ್ ಒಮ್ಮೆಲೇ ನಿಂತಿತು. ಹಿಂದೆ ಅಕ್ಕನ ಗಂಡ ಕೂತಿದ್ದರು. ಕೆಳಗಡೆ ನದಿಗೆ ಕಟ್ಟಿದ ಬ್ಯಾರೇಜಿನ ಗೇಟು ತೆಗೆದಿದ್ದರು. ಸೆಳವು ನಮ್ಮನ್ನು ಅತ್ತಲೇ ಎಳೆಯತೊಡಗಿತು.

“ಮಾಮಾ, ನಿನ್ನೆ ಇದನ್ನ ತೊಳದಾಗ ಏನ್ ಮಾಡಿದ್ರಿ?”

“ಪೈಪ್ ಹಚ್ಚಿ ಮೊದಲ ನೀರ ಬಿಟ್ಟೆ, ಆಮ್ಯಾಲ ಎಂಜಿನ್ ಚಾಲೂ ಮಾಡ್ದೆ. ನೀರ ತುಂಬದ ಪಂಪ್ ಎಲ್ಲರೆ ನೀರ ಎತ್ತತೈತೇನಲೇ?”

ಕಬ್ಬಿನ ಹೊಲದ ಪಂಪ್‌ಸೆಟ್ಟಿಗೆ ಅದೇ ಕ್ರಮ. ಈ ಯಂತ್ರದ ಒಳಗೆ ತೊಳೆಯಲು ಮಾತ್ರ ಎಂಜಿನ್ ಓಡುತ್ತಿರುವಾಗಲೇ ನೀರು ಬಿಡಬೇಕು. ಇಲ್ಲದಿದ್ದರೆ ನೀರು ಎಂಜಿನ್ನಿನೊಳಕ್ಕೆ ನುಗ್ಗುತ್ತದೆ. ಅದರ ಜೊತೆ ಬಂದ ಪುಸ್ತಕದಲ್ಲಿ ಓದಿದ್ದೆ, ಅವರಿಗೆ ಹೇಳಿರಲಿಲ್ಲ.

“ನನಗ ಈಸಾಕ ಬರಂಗಿಲ್ಲ. ನಿಮ್ಮಕ್ಕಗೂ ಗೊತ್ತಿಲ್ಲ,” ಎಂದರು.

ಲೈಫ್ ಜಾಕೆಟ್ ಒಂದೇ ಇತ್ತು. ಅದನ್ನು ನಾನು ತೊಟ್ಟಿದ್ದೆ. ಬಿಚ್ಚಿ ಕೊಡಲು ಹೋದರೆ ಎಷ್ಟು ಒತ್ತಿದರೂ ಬಕಲ್ ಬಿಚ್ಚಲಾಗಲಿಲ್ಲ. ಗೇಟಿನ ನೀರಿನ ಸದ್ದು ಕೇಳಿಸುವಷ್ಟರಲ್ಲಿ, ಡ್ರಮ್ಮುಗಳ ಮೇಲೆ ತೇಲುತ್ತಿದ್ದ ಯಾರದೋ ಪಂಪ್‌ಸೆಟ್ಟಿನ ಪೈಪು ಸಿಕ್ಕಿತು. ಮಾಮಾ ಅದನ್ನು ತಬ್ಬಿ ಹಿಡಿದರು. ಆ ಪೈಪು ಹಿಡಿದುಕೊಂಡೇ ಸ್ಕೂಟರ್ ಸಮೇತ ದಡ ಸೇರಿದೆವು.

ದಡದಲ್ಲಿ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದೆ. ಎಂಜಿನ್ ಎಣ್ಣೆಗೆ ನೀರು ಸೇರಿ ಹಾಲು ಬೆರೆತ ಚಹಾದಂತಾಗಿತ್ತು. ಜಾಕೆಟ್ಟಿನ ಬಕಲ್ಲನ್ನು ಕಡೆಗೆ ಮಾಮಾನೇ ಬಿಚ್ಚಿದರು.