ಗೋಪಾಲಪ್ಪ ಮೇಷ್ಟ್ರ ಬಾಯಿಮಾತು

ಶಿಕಾರಿಪುರದಲ್ಲಿ ಸಹಕಾರ ಸಂಘಗಳ ಗುಮಾಸ್ತರಿಗೆ ಲೆಕ್ಕ ಕಲಿಸುತ್ತಿದ್ದವರು ಗೋಪಾಲಪ್ಪ ಮೇಷ್ಟ್ರು. ಒಳ್ಳೆಯ ಮೇಷ್ಟ್ರೇ, ಆದರೆ ನಾಲಿಗೆ ಸ್ವಲ್ಪ ಉದ್ದ. ತರಗತಿ ನಗದಿದ್ದರೆ ಅವರಿಗೆ ಪಾಠ ಮಾಡಿದ ಹಾಗೇ ಆಗುತ್ತಿರಲಿಲ್ಲ. ಆಗಷ್ಟೇ ಆಣೆ ಹೋಗಿ ನಯಾಪೈಸೆ ಬಂದಿತ್ತು. ಸಂಜೆ ಪೆಟ್ಟಿಗೆಯ ದುಡ್ಡಿಗೂ ಕಿರ್ದಿ ಪುಸ್ತಕಕ್ಕೂ ತಾಳೆಯಾಗದೆ ಗುಮಾಸ್ತರೆಲ್ಲ ತಲೆ ಕೆರೆದುಕೊಳ್ಳುತ್ತಿದ್ದರು. ಕಮ್ಮಿ ಬಂದರೆ ಕಮ್ಮಿ ಎಂದೇ ಬರೆದು ತಪ್ಪು ಹುಡುಕಬೇಕು, ಅದು ನಿಯಮ. ಅದನ್ನು ಹೇಳಿಕೊಡಬೇಕಾದ ದಿನ ಮೇಷ್ಟ್ರಿಗೆ ಬಸ್ಸಿನ ಹೊತ್ತಾಗಿತ್ತು.

“ಕಮ್ಮಿ ಬಂದ್ರೆ ಜೇಬಿಂದ ಹಾಕಿ ಮನೆಗೆ ಹೋಗ್ರಪ್ಪ!” ಎಂದುಬಿಟ್ಟರು. ಎಲ್ಲರೂ ನಕ್ಕರು. ಸೊರಬದ ಕಡೆಯ ಕಲ್ಲಪ್ಪ ಮಾತ್ರ ನಗದೆ ಬರೆದುಕೊಂಡ.

ಮರುವರ್ಷ ಮೇಷ್ಟ್ರೇ ಸಂಘಗಳ ಲೆಕ್ಕ ತಪಾಸಣೆಗೆ ಹೋದರೆ, ಉಳವಿಯ ಪಕ್ಕದ ಹಳ್ಳಿಯಲ್ಲಿ ಕಲ್ಲಪ್ಪ ಬರೆಯುತ್ತಿದ್ದ ಲೆಕ್ಕದಲ್ಲಿ ಒಂದು ಪೈಸೆ ಹೆಚ್ಚುಕಮ್ಮಿಯಿಲ್ಲ. ಮೇಷ್ಟ್ರು ಉಬ್ಬಿಹೋದರು. ಮಧ್ಯಾಹ್ನ ಅವನ ಮನೆಯಲ್ಲೇ ಊಟ.

“ಮಜ್ಜಿಗೆ ಇಲ್ರೀ, ತಪ್ಪು ತಿಳ್ಕೋಬೇಡಿ. ಎಮ್ಮೆ ಮಾರಿದ್ವಿ,” ಎಂದಳು ಕಲ್ಲಪ್ಪನ ಹೆಂಡತಿ ತುಂಗಮ್ಮ.

“ಯಾಕಮ್ಮ?”

“ಸುಗ್ಗೀಲಿ ಒಂದಿನ ಪೆಟ್ಟಿಗೇಲಿ ಎಂಬತ್ತು ರೂಪಾಯಿ ಕಮ್ಮಿ ಬಂತಂತೆ. ಜೇಬಿಂದ ತುಂಬ್ಬೇಕು ಅಂತ ನೀವೇ ಹೇಳಿದ್ರಂತಲ್ಲ.”

ಮೇಷ್ಟ್ರಿಗೆ ಅವತ್ತಿನ ತಮಾಷೆ ನೆನಪಾಯಿತು. ಅರ್ಧ ಊಟಕ್ಕೇ ಎದ್ದು ಸಂಘಕ್ಕೆ ಬಂದು ಆ ದಿನದ ಕಿರ್ದಿ ತೆಗೆದರು. ಕೆಂಪಪ್ಪ ಎಂಬ ರೈತ ಬೆಳಿಗ್ಗೆ ಎಂಬತ್ತು ರೂಪಾಯಿ ಸಾಲ ಕಟ್ಟಿದ್ದ. ಸಂಜೆ ರಸೀದಿಗೆಂದು ಬಂದಾಗ ಕಲ್ಲಪ್ಪ ಗಡಿಬಿಡಿಯಲ್ಲಿ ಅದನ್ನೇ ಇನ್ನೊಮ್ಮೆ ಜಮಾ ಬರೆದಿದ್ದ. ದುಡ್ಡು ಕಮ್ಮಿಯೇ ಆಗಿರಲಿಲ್ಲ! ಅವತ್ತು ಕಮ್ಮಿ ಎಂದು ಬರೆದು ಹುಡುಕಿದ್ದರೆ ಐದು ನಿಮಿಷದ ಕೆಲಸ.

ತಪಾಸಣೆ ವರದಿಯಲ್ಲಿ ನಿಜ ಬರೆದರೆ ಕಲ್ಲಪ್ಪನ ಎಂಬತ್ತು ರೂಪಾಯಿ ಅವನ ಕೈಸೇರುತ್ತಿತ್ತು. ಆದರೆ ಜೇಬಿಂದ ತುಂಬು ಎಂದು ಹೇಳಿಕೊಟ್ಟವರು ಯಾರು ಎಂದು ಮೇಲಿನವರು ಕೇಳದೆ ಬಿಡುತ್ತಾರೆಯೇ? ಗೋಪಾಲಪ್ಪನವರಿಗೆ ನಾಚಿಕೆಯಾಯಿತು, ತಮ್ಮ ಮೇಲೇ ಹೇಸಿಗೆಯಾಯಿತು. ನಾಚಿಕೆಗಿಂತ ನೌಕರಿಯ ಭಯ ದೊಡ್ಡದಾಯಿತು. “ಲೆಕ್ಕ ಸರಿಯಾಗಿದೆ” ಎಂದು ಬರೆದು ರುಜು ಹಾಕಿದರು.

ಬಸ್ಸು ಹತ್ತಿಸಲು ಬಂದ ಕಲ್ಲಪ್ಪ ಕೈಮುಗಿದ.

“ನಿಮ್ಮಿಂದ ನನ್ನ ಮಾನ ಉಳೀತು ಮೇಷ್ಟ್ರೇ. ನನ್ನ ತಮ್ಮನ್ನೂ ನಿಮ್ಮ ಹತ್ರ ಕಲಿಯೋಕೆ ಕಳಿಸ್ತೀನಿ.”

ಉದ್ದ ನಾಲಿಗೆಯ ಮೇಷ್ಟ್ರು “ಕಳಿಸಪ್ಪ” ಎಂದಷ್ಟೇ ಹೇಳಿ ಬಸ್ಸು ಹತ್ತಿದರು.