ಸವದತ್ತಿ ಎಂದರೆ ಸಿಗದ ಖೋಲಿ

ಊರು ಸವದತ್ತಿ ಎಂದೆ. ಪುಣೆಯ ಆ ಮನೆಯ ಮಾಲಕಿ ಕೈಯಲ್ಲಿದ್ದ ಕೀಲಿಕೈಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಖೋಲಿ ಖಾಲಿ ಇಲ್ಲ ಎಂದರು. ನಾನು ನರ್ಸ್. ಆಸ್ಪತ್ರೆಯ ಗುರುತಿನ ಚೀಟಿ ಕೊರಳಲ್ಲೇ ಇತ್ತು, ಅವರು ನೋಡಲಿಲ್ಲ. ದೇವಿಗೆ ಹೆಣ್ಣುಮಕ್ಕಳನ್ನು ಬಿಡುವ ಊರೆಂದು ಹೆಸರಾದ ನಮ್ಮ ಕಡೆಯಿಂದ ಬಂದ ಹೆಂಗಸರೆಲ್ಲ ಮೈಮಾರುವ ಒಂದೇ ಓಣಿ ಸೇರುತ್ತಾರೆಂಬುದು ಅವರ ನಂಬಿಕೆ. ಕೊನೆಗೆ ಬೈಲಹೊಂಗಲದ ಸಹೋದ್ಯೋಗಿಯೊಬ್ಬಳು ಮುಂದೆ ನಿಂತು ಬೇರೆ ಕಡೆ ಖೋಲಿ ಕೊಡಿಸಿದಳು. ನಮ್ಮೂರಿಂದ ಬಸ್ಸಿನಲ್ಲಿ ತಾಸಿನ ದಾರಿ ಅವಳೂರು, ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ನನಗೆ ಸಿಟ್ಟು ಬಂತು, ಆ ಓಣಿಯ ಹೆಂಗಸರ ಮೇಲೂ ಬಂತು.

ಆ ಸಿಟ್ಟು ಇಳಿಸಿದವಳು ಶಾಂತಕ್ಕ. ರಾಮದುರ್ಗದ ಕಡೆಯವಳು, ಅದೇ ಓಣಿಯಲ್ಲಿ ದುಡಿಯುವವಳು. ಜ್ವರವೆಂದು ನಮ್ಮ ವಾರ್ಡಿಗೆ ಬಂದಾಗ ನನ್ನ ಮಾತಿನಲ್ಲೇ ಊರು ಗುರುತಿಸಿದಳು. ವಾಸಿಯಾದ ಮೇಲೆ ಒಂದು ರವಿವಾರ ಜೋಳದ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಳು. ಇಲ್ಲಿ ಚಪಾತಿಗೆ ಪೋಳಿ ಎನ್ನುತ್ತಾರೆ. ಅದನ್ನೇ ತಿಂದು ಬೇಸತ್ತಿದ್ದ ನನಗೆ ಅಳು ಬಂತು.

ಹಾಸ್ಟೆಲಿನಲ್ಲಿ ಬೆಳೆದ ಅವಳ ಮಗಳಿಗೆ ಹದಿನೆಂಟು ತುಂಬಿತ್ತು. ಓಣಿಯ ಹೊರಗೆ ಖೋಲಿ ಹಿಡಿದು ಇಬ್ಬರೂ ಕೂಡಿ ಇರಬೇಕು, ಆಮೇಲೆ ದಂಧೆಯನ್ನೂ ಬಿಡಬೇಕು ಎಂಬುದು ಶಾಂತಕ್ಕನ ಆಸೆ. ವಕೀಲರೊಬ್ಬರನ್ನು ಕೇಳಿದೆವು. ಹದಿನೆಂಟು ದಾಟಿದವಳು ತಾನಾಗಿ ದಂಧೆ ಮಾಡಿದರೆ ಅಷ್ಟಕ್ಕೇ ಅಪರಾಧವಾಗುವುದಿಲ್ಲ, ಆದರೆ ದಂಧೆಗೆ ಜಾಗ ಕೊಟ್ಟವರು ಸಿಕ್ಕಿಬೀಳುತ್ತಾರೆ, ಆ ಹೆದರಿಕೆಗೆ ಯಾರೂ ಇವಳಿಗೆ ಮನೆ ಕೊಡುವುದಿಲ್ಲ ಎಂದರು. ಆ ಗಳಿಕೆಯಲ್ಲಿ ಬದುಕುವ ವಯಸ್ಕ ಮಗಳ ಮೇಲೂ ಕೇಸಾಗಬಹುದಂತೆ.

ಶಾಂತಕ್ಕ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತಳು. "ನಂದು ತಪ್ಪಿಲ್ಲಂತ. ನಾ ಹಾಕಿದ ಕೂಳು ಉಂಡ ಮಗಳದು ತಪ್ಪಂತ. ಇದ್ಯಾವ ನ್ಯಾಯ, ತಂಗಿ?"

ದೇಹವನ್ನು ದುಡ್ಡಿಗೆ ಕೊಳ್ಳುವುದು ಸರಿಯೆಂದು ನನ್ನ ಮನಸ್ಸು ಇಂದಿಗೂ ಒಪ್ಪುವುದಿಲ್ಲ. ಹುಡುಗಿಯರನ್ನು ಮಾರಿದವರಿಗೆ, ಬಲವಂತ ಮಾಡಿದವರಿಗೆ ಶಿಕ್ಷೆ ಆಗಲೇಬೇಕು. ಆದರೆ ಹೊರಗೆ ಬರಲು ಹೊರಟವಳಿಗೆ ಖೋಲಿಯೇ ಸಿಗದಂತೆ ಮಾಡುವ ಕಾನೂನು ಯಾರನ್ನು ಕಾಯುತ್ತದೆ?

ಈಗ ಶಾಂತಕ್ಕನ ಮಗಳು ನನ್ನ ಜೊತೆ ಇದ್ದಾಳೆ. ಇವಳ್ಯಾರು ಎಂದು ಈಗಿನ ಖೋಲಿಯ ಮಾಲಕಿ ಕೇಳಿದಾಗ, ನನ್ನ ತಂಗಿ, ಊರು ಸವದತ್ತಿ ಎಂದೆ. ಅವರು ನನ್ನ ಕೊರಳಿನ ಚೀಟಿ ನೋಡಿ, ಇರಲಿ ಎಂದರು. ನಿಜ ಗೊತ್ತಿರುವ, ಊರಿನಲ್ಲಿರುವ ನನ್ನ ಅವ್ವ ಮಾತ್ರ, ಬರುವಾಗ ಆ ಹುಡುಗಿಯನ್ನು ಕರೆತರಬೇಡ ಎಂದು ಫೋನಿನಲ್ಲಿ ಹೇಳಿದ್ದಾಳೆ.

ರವಿವಾರ ಶಾಂತಕ್ಕ ರೊಟ್ಟಿ ತಂದು ಕೆಳಗಿನಿಂದ ಕರೆಯುತ್ತಾಳೆ. ಮಗಳ ಖೋಲಿ ಹೋದೀತೆಂದು ಮೇಲೆ ಬರುವುದಿಲ್ಲ. ನಾವೇ ಇಳಿದು ಹೋಗಿ, ಮೂವರೂ ರಸ್ತೆಯಲ್ಲಿ ನಿಂತು ಉಣ್ಣುತ್ತೇವೆ. ನನ್ನ ಊರೆಂದರೆ ಈಗ ಅಷ್ಟೇ ಜಾಗ.