ಲಿಂಗಕ್ಕ ಗಿಂಡಿ ಮಾರಿದ್ದು

ಇಪ್ಪತ್ತಾರು ವರ್ಷ ಲಿಂಗಕ್ಕ ಸ್ಟೀಲ್ ಪಾತ್ರೆಯ ಬುಟ್ಟಿ ತಲೆಯ ಮೇಲೆ ಹೊತ್ತು ಕೌತಾಳಂ ಸುತ್ತಿನ ಊರುಗಳನ್ನು ತಿರುಗಿದಳು. ಹೊಸ ಸ್ಟೀಲ್ ಕೊಟ್ಟು ಹಳೆಯ ಹಿತ್ತಾಳೆ, ತಾಮ್ರ ತೆಗೆದುಕೊಳ್ಳುವುದು, ಅದನ್ನು ಆದೋನಿಯ ಮರಿಬಸಪ್ಪನ ಅಂಗಡಿಗೆ ತೂಕಕ್ಕೆ ಹಾಕುವುದು. ಅಲ್ಲಿಂದ ಅದು ಕರಗಿಸುವ ಕುಲುಮೆಗೆ ಹೋಗುತ್ತಿತ್ತು. ಗಂಡ ತೀರಿಕೊಂಡ ಮೇಲೆ ಮಗನನ್ನು ದೊಡ್ಡವನನ್ನಾಗಿ ಮಾಡಿದ್ದು ಆ ಬುಟ್ಟಿಯೇ. ಹೋದ ವರ್ಷ ಬಲ ಮೊಣಕಾಲು ಕೈಕೊಟ್ಟಿತು. ತಲೆಹೊರೆ ಬಿಡಲೇಬೇಕೆಂದರು ಡಾಕ್ಟರು. ಬಿಟ್ಟರೆ ಬೇರೆ ಕೆಲಸ ಗೊತ್ತಿಲ್ಲ. ಮಗನ ಮುಂದೆ ಕೈಚಾಚುವ ಹೆಂಗಸೂ ಅವಳಲ್ಲ.

ಸೊಸೆ ನಾಗಜ್ಯೋತಿ ಡಿಗ್ರಿ ಓದಿದವಳು. ಹಳೆಯ ಸಾಮಾನನ್ನು ಫೋನಿನಲ್ಲೇ ಹರಾಜಿಗೆ ಇಡಬಹುದು, ಬೇಕಾದವರು ತಾವು ಕೂತಲ್ಲಿಂದಲೇ ಸವಾಲು ಹಾಕುತ್ತಾರೆ ಎಂದು ಹೇಳಿದವಳು ಅವಳೇ. ಈ ಸುದ್ದಿ ಕೇಳಿ ಮರಿಬಸಪ್ಪ ತಕ್ಕಡಿ ಹಿಡಿದುಕೊಂಡೇ ನಕ್ಕ.

"ಏನವಾ ಲಿಂಗಕ್ಕ, ತೂತು ತಂಬಿಗಿಗೆ ಫೋಟೋ ತೆಗಸಾಕ ಹತ್ತಿಯಂತ? ಲಗ್ನ ಮಾಡ್ತಿಯೇನು ಅದಕ್ಕ?"

ಮೊದಲು ಇಟ್ಟದ್ದು ಒಂದು ಹಿತ್ತಾಳೆಯ ಎಲೆಡಬ್ಬಿ. ಮನೆಯಿಂದ ಹೊರಗೆ ಹೋಗುವ ಸಾಮಾನು ಮಾಸಿಕೊಂಡು ಹೋಗಬಾರದೆಂಬುದು ಲಿಂಗಕ್ಕ ಕಂಡ ರೀತಿ. ಹುಣಸೆಹಣ್ಣು, ಬೂದಿ ಹಚ್ಚಿ ಅರ್ಧ ದಿನ ತಿಕ್ಕಿದಳು. ಡಬ್ಬಿ ಬಂಗಾರದಂತಾಯಿತು. ಹೂವಿನ ಚಾದರದ ಮೇಲಿಟ್ಟು ನಾಗಜ್ಯೋತಿ ಒಂದೇ ಫೋಟೋ ಹೊಡೆದಳು, 'ಹಳೇ ಕಾಲದ ಅಪರೂಪದ ಡಬ್ಬಿ' ಎಂದು ಬರೆದಳು. ಏಳು ದಿನ ಕಳೆದರೂ ಒಂದು ಸವಾಲೂ ಬರಲಿಲ್ಲ. ಇದು ಮೊನ್ನೆ ಮಾಡಿದ ಮಾಲು, ಹಳೆಯದೆಂದು ಯಾಕೆ ಸುಳ್ಳು ಹೇಳುತ್ತೀರಿ ಎಂದು ಯಾರೋ ಬರೆದಿದ್ದರು.

ನಾಗಜ್ಯೋತಿ ಹುಡುಕಿ ಓದಿ ತಿಳಿದುಕೊಂಡಳು. ಹಳೆಯದನ್ನು ಕೂಡಿಡುವವರು ನೋಡುವುದೇ ವರ್ಷಗಳು ಬಳಿದ ಕಪ್ಪು ಬಣ್ಣವನ್ನು. ಒಮ್ಮೆ ತಿಕ್ಕಿ ತೆಗೆದರೆ ಅದು ಬೇಗ ಮರಳುವುದಿಲ್ಲ. ತನ್ನ ಕೈಯಾರೆ ಬೆಲೆ ತೊಳೆದು ಹಾಕಿದೆನಲ್ಲ ಎಂದು ಲಿಂಗಕ್ಕ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಡಬ್ಬಿ ಕೊನೆಗೆ ತೂಕಕ್ಕೇ ಹೋಯಿತು. ಮರಿಬಸಪ್ಪ ಆ ದಿನ ನಗಲಿಲ್ಲ. ಅದು ಅವಳಿಗೆ ಇನ್ನೂ ಹೆಚ್ಚು ಚುಚ್ಚಿತು.

ಮುಂದಿನ ತಿಂಗಳು ಉರುಕುಂದದ ಹಳೆಯ ಗಿರಾಕಿಯೊಬ್ಬರ ಮನೆಯಲ್ಲಿ ಉದ್ದ ಕೊಕ್ಕಿನ ತಾಮ್ರದ ಗಿಂಡಿ ಸಿಕ್ಕಿತು. ಇದೂ ಹೋಗದಿದ್ದರೆ ಮತ್ತೆ ಬುಟ್ಟಿ ಹೊರುವುದೇ ಎಂದು ಲಿಂಗಕ್ಕ ಮನಸ್ಸಿನಲ್ಲೇ ನಿಶ್ಚಯ ಮಾಡಿಕೊಂಡಳು. ಈ ಸಲ ಒಣ ಬಟ್ಟೆಯಿಂದ ಧೂಳು ಮಾತ್ರ ಒರೆಸಿದರು. ಬೆಳಗಿನ ಬೆಳಕಿಗೆ, ಬಾಗಿಲ ಹತ್ತಿರ, ಬಿಳಿ ಪಂಚೆಯ ಮೇಲಿಟ್ಟು ಬಾಯಿ, ಕೊಕ್ಕು, ಬುಡ, ಬೆಸುಗೆ ಎಲ್ಲದರ ಬೇರೆ ಬೇರೆ ಫೋಟೋ ತೆಗೆದರು. ಟೇಪು ಹಿಡಿದು ಎತ್ತರ ತೋರಿಸಿದರು. 'ಅಪರೂಪದ' ಎಂಬ ಮಾತು ಬಿಟ್ಟು ಲೋಹ, ಅಳತೆ, ತೂಕ, ಸಿಕ್ಕ ಊರು ಬರೆದರು. ಜನ ಬಿಡುವಾಗಿರುವ ಭಾನುವಾರ ಸಂಜೆ ಹರಾಜು ಮುಗಿಯುವಂತೆ ಇಟ್ಟರು. ಗುರುವಾರದ ಹೊತ್ತಿಗೆ ಐದು ಸವಾಲು ಬಿದ್ದಿದ್ದವು.

ಅಷ್ಟರಲ್ಲಿ ಒಬ್ಬರು ಕೇಳಿದರು: ಇದರಲ್ಲಿ ನೀರು ನಿಲ್ಲುತ್ತದೆಯೇ?

ತುಂಬಿಸಿ ನೋಡಿದರು. ಕೊಕ್ಕಿನ ಬೆಸುಗೆಯಲ್ಲಿ ಸಣ್ಣದೊಂದು ಹನಿ ಕೂಡಿ, ತೂಗಾಡಿ, ಬಿತ್ತು.

"ಅತ್ತಿ, ಒಂದು ಹನಿ ಅಷ್ಟ," ಎಂದಳು ನಾಗಜ್ಯೋತಿ. "ನಿಲ್ತೈತಿ ಅಂತ ಬರದ್ರ ಯಾರಿಗೆ ಗೊತ್ತಾಗ್ತೈತಿ?"

"ಸೋರೋ ಸ್ಟೀಲ್ ಕೊಟ್ಟು ಬಂದಿದ್ರ ಆ ಓಣ್ಯಾಗ ಮತ್ತ ಕಾಲಿಡಾಕ ಆಗ್ತಿತ್ತೇನು ನನಗ? ಇದೂ ಒಂದು ಓಣಿನ ತಿಳ್ಕ. ಹನಿ ಬೀಳೋದನ್ನ ಫೋಟೋ ತೆಗಿ."

ತೆಗೆದು ಹಾಕಿದರು. ಶುಕ್ರವಾರ, ಶನಿವಾರ ಒಂದು ಸವಾಲೂ ಏರಲಿಲ್ಲ. ನಾಗಜ್ಯೋತಿ ಅತ್ತೆಯ ಮುಖ ನೋಡುವುದನ್ನೇ ಬಿಟ್ಟಳು. ಭಾನುವಾರ ಸಂಜೆ, ಇನ್ನು ಹತ್ತು ನಿಮಿಷ ಇದೆ ಎನ್ನುವಾಗ, ಪ್ರಶ್ನೆ ಕೇಳಿದವರೇ ಸವಾಲು ಏರಿಸಿದರು. ಮತ್ತೊಬ್ಬರು ಅದರ ಮೇಲೆ ಹೋದರು. ಗಿಂಡಿ ನಿಂತದ್ದು ತೂಕದ ಬೆಲೆಯ ಏಳು ಪಟ್ಟಿಗೆ. ಕೊಂಡವರು ಬರೆದದ್ದು ಇಷ್ಟೇ: ಬೆಸುಗೆ ನಾವೇ ಹಾಕಿಸಿಕೊಳ್ಳುತ್ತೇವೆ, ಇಂಥದ್ದು ಸಿಕ್ಕರೆ ಮೊದಲು ನಮಗೆ ತಿಳಿಸಿ.

ಸುದ್ದಿ ಆದೋನಿಗೂ ಮುಟ್ಟಿತು. ಮರಿಬಸಪ್ಪ ತಾನೇ ಫೋನು ಮಾಡಿದ. ಕುಲುಮೆಗೆ ಕಳಿಸುವ ಮುಂಚೆ ಮೂಟೆ ಬಿಚ್ಚಿ ಹರಾಜಿಗೆ ಬರುವಂಥದ್ದನ್ನು ಆರಿಸಿಕೊಡುವೆಯಾ, ಬಂದದ್ದರಲ್ಲಿ ಅರ್ಧರ್ಧ, ಕುರ್ಚಿ ಹಾಕಿಸುತ್ತೇನೆ ಎಂದ. ಕಾಲು ಮಡಚುವ ಹಂಗಿಲ್ಲದ ಎತ್ತರದ ಕುರ್ಚಿಯಾದರೆ ಬರುತ್ತೇನೆ ಎಂದಳು ಲಿಂಗಕ್ಕ.

ಈಗ ವಾರಕ್ಕೆ ಮೂರು ದಿನ ಅವಳು ಅಲ್ಲಿ ಕೂರುತ್ತಾಳೆ. ಮೊನ್ನೆ ಮೂಟೆಯಿಂದ ಒಂದು ದೀಪದ ಕಂಬ ತೆಗೆದು, ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದಳು. ಪಕ್ಕದಲ್ಲಿ ನಾಗಜ್ಯೋತಿ ಫೋನು ಹಿಡಿದು ಕಾಯುತ್ತಿದ್ದಳು.

"ಬರಿ," ಎಂದಳು ಲಿಂಗಕ್ಕ. "ಬುಡದಾಗ ಬಿರುಕು ಐತಿ. ಅದನ್ನ ಮೊದಲ ಬರಿ."